ನೀರಿನಲ್ಲಿ ಕರಗಿದ ಔಷಧ, ಅದನ್ನು ಒಡೆಯುವ ಯುವಿ ಬೆಳಕು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾ ಸ್ನಾನ, ತುಂಗಾ ಪಾನ ಅಂತ ಕೇಳಿಕೊಂಡೇ ಬೆಳೆದವರು ನಾವು. ಹಾಗಾಗಿ 'ನದಿ ನೀರಿನಲ್ಲಿ ಔಷಧದ ಅಂಶ' ಅಂತ ಪೇಪರಿನಲ್ಲಿ ಒಂದು ಸುದ್ದಿ ಬಂದರೆ ಸಾಕು, ಶಿವಮೊಗ್ಗದಿಂದ ಶೃಂಗೇರಿಯವರೆಗೆ ಎಲ್ಲರಿಗೂ ಚಿಂತೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: 'ನಮ್ಮನೆ ಫಿಲ್ಟರಲ್ಲಿ ಯುವಿ ಇದೆಯಲ್ಲ, ಸಾಕಲ್ವಾ?' ಸಾಲದು. ಯುವಿ, ಅಂದರೆ ನೇರಳಾತೀತ ಬೆಳಕು, ಔಷಧವನ್ನು ಒಡೆಯುವುದು ನಿಜ. ಆದರೆ ಅದರ ಜಾಗ ಅಡುಗೆಮನೆ ಅಲ್ಲ.

ನೀರಿಗೆ ಔಷಧ ಸೇರುವುದು ಫ್ಯಾಕ್ಟರಿಯಿಂದ ತಾನೆ?

ಫ್ಯಾಕ್ಟರಿಯೇ ಬೇಕು ಅಂತಿಲ್ಲ, ನಾವೇ ಸಾಕು. ನುಂಗಿದ ಮಾತ್ರೆ ಪೂರ್ತಿ ಮೈಗೆ ಹತ್ತುವುದಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ರಕ್ತಕ್ಕೆ ಸೇರಿದರೂ ಬದಲಾಗದೆ ಮೂತ್ರದಲ್ಲಿ ಹೊರಗೆ ಬರುತ್ತದೆ. ಆ್ಯಂಟಿಬಯೋಟಿಕ್ ಅಮಾಕ್ಸಿಸಿಲಿನ್ ಕೂಡ ಅರ್ಧಕ್ಕಿಂತ ಜಾಸ್ತಿ ಹಾಗೇ ಹೋಗುತ್ತದೆ.

ಹಚ್ಚಿಕೊಳ್ಳುವ ಔಷಧದ ಕಥೆ ಇನ್ನೂ ಜೋರು. ಕೊನೆಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ರಾತ್ರಿಯೆಲ್ಲ ಅಡಿಕೆ ಸುಲಿದು ಸೊಂಟ ಹಿಡಿದವರು ಡೈಕ್ಲೋಫೆನಾಕ್ ಜೆಲ್ ತಿಕ್ಕಿಕೊಳ್ಳುತ್ತಾರೆ. ಹಚ್ಚಿದ್ದರಲ್ಲಿ ಚರ್ಮದ ಮೂಲಕ ಒಳಗೆ ಇಳಿಯುವುದು ಶೇ 6ರ ಆಸುಪಾಸು. ಉಳಿದದ್ದು ಅಂಗೈಗೆ, ಬನಿಯನ್ನಿಗೆ, ಬೆಳಿಗ್ಗೆ ಬಚ್ಚಲಿಗೆ. ಯುಜಿಡಿ (ಒಳಚರಂಡಿ) ಲೈನಿಗೆ ಸೇರಿದ ಮನೆಯಾದರೆ ಅದು ಚರಂಡಿ ನೀರು ಶುದ್ಧೀಕರಿಸುವ ಘಟಕವಾದ ಎಸ್‌ಟಿಪಿ ತಲುಪುತ್ತದೆ. ಸೇರದಿದ್ದರೆ ರಾಜಕಾಲುವೆ ಹಿಡಿದು ಸೀದಾ ತುಂಗೆಗೆ. ಎಸ್‌ಟಿಪಿಯ ಬ್ಯಾಕ್ಟೀರಿಯಾಗಳು ಪ್ಯಾರಾಸಿಟಮಾಲನ್ನು ಚೆನ್ನಾಗಿಯೇ ತಿಂದು ಮುಗಿಸುತ್ತವೆ. ಡೈಕ್ಲೋಫೆನಾಕ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಅಂತೂ ಬಂದ ಹಾಗೇ ದಾಟಿ ಹೋಗುತ್ತದೆ. ಎಷ್ಟೆಂದರೆ, ಯಾವುದಾದರೂ ನೀರಿಗೆ ಚರಂಡಿ ಸೇರಿದೆಯೇ ಅಂತ ಗುರುತಿಸಲು ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಕಾರ್ಬಮಜೆಪಿನ್ ಹುಡುಕುತ್ತವೆ.

ಹಾಗಾದರೆ ನದಿ ನೀರು ಕುಡಿದರೆ ನಮಗೂ ಔಷಧ ಹತ್ತುತ್ತದಾ?

ಒಂದು ಲೆಕ್ಕ ಹಾಕೋಣ. ಕುಡಿಯುವ ನೀರಿನಲ್ಲಿ ಸಿಗುವ ಔಷಧವನ್ನು ನ್ಯಾನೋಗ್ರಾಂನಲ್ಲಿ ಅಳೆಯುತ್ತಾರೆ. 10 ಲಕ್ಷ ನ್ಯಾನೋಗ್ರಾಂ ಸೇರಿದರೆ 1 ಮಿಲಿಗ್ರಾಂ. ಒಂದು ಲೀಟರಿನಲ್ಲಿ 100 ನ್ಯಾನೋಗ್ರಾಂ ಡೈಕ್ಲೋಫೆನಾಕ್ ಇದೆ ಅಂತಿಟ್ಟುಕೊಳ್ಳಿ. ದಿನಕ್ಕೆ 2 ಲೀಟರ್‌ನಂತೆ 70 ವರ್ಷ ಕುಡಿದರೆ 51,100 ಲೀಟರ್ ಆಯಿತು. ಅದರಲ್ಲಿ ಒಟ್ಟು ಸೇರುವ ಔಷಧ ಸುಮಾರು 5 ಮಿಲಿಗ್ರಾಂ. ಮೆಡಿಕಲ್‌ನಲ್ಲಿ ಸಿಗುವ ಒಂದು ಮಾತ್ರೆಯಲ್ಲಿ 50 ಮಿಲಿಗ್ರಾಂ ಇರುತ್ತದೆ. ಅಂದರೆ ಇಡೀ ಜನ್ಮಕ್ಕೆ ಒಂದು ಮಾತ್ರೆಯ ಹತ್ತನೇ ಒಂದು ಪಾಲು.

ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಕುಡಿಯುವ ನೀರಿನಲ್ಲಿ ಸಾಮಾನ್ಯವಾಗಿ ಸಿಗುವ ಪ್ರಮಾಣದಿಂದ ಮನುಷ್ಯನಿಗೆ ಹೇಳಿಕೊಳ್ಳುವಂಥ ತೊಂದರೆ ಆಗುವ ಸಂಭವ ತೀರಾ ಕಡಿಮೆ. ಚರಂಡಿ ಸೇರಿದ ನೀರಿನಲ್ಲಿ ನಾವು ಮೊದಲು ಹೆದರಬೇಕಾದ್ದು ವಾಂತಿಭೇದಿ, ಕಾಮಾಲೆ, ಟೈಫಾಯ್ಡ್‌ಗೆ. ಮಾತ್ರೆಗಲ್ಲ.

ಮತ್ತೆ ಇಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ಳೋದು?

ನಾವು ದಿನಕ್ಕೆ 2 ಲೀಟರ್ ಕುಡಿದು ಸುಮ್ಮನಾಗುತ್ತೇವೆ. ಮೀನು ಇಪ್ಪತ್ನಾಲ್ಕು ಗಂಟೆ ಅದರಲ್ಲೇ ಇರುತ್ತದೆ, ಅದನ್ನೇ ಉಸಿರಾಡುತ್ತದೆ. ಶೃಂಗೇರಿಯ ಮತ್ಸ್ಯಧಾಮದಲ್ಲಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ಮಂಡಕ್ಕಿಗೆ ಮುಗಿಬೀಳುವ ಮೀನುಗಳನ್ನು ನೋಡಿದ್ದೀರಲ್ಲ, ಲೆಕ್ಕ ಹಾಕಬೇಕಾದ್ದು ಅವುಗಳ ಕಡೆಯಿಂದ.

ಕೆನಡಾದ ಒಂಟಾರಿಯೋದಲ್ಲಿ ವಿಜ್ಞಾನಿಗಳು ಒಂದು ಇಡೀ ಕೆರೆಗೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನು ಬೆರೆಸಿ ನೋಡಿದರು. 2001ರಿಂದ ಮೂರು ಬೇಸಿಗೆ. ಲೀಟರಿಗೆ 5-6 ನ್ಯಾನೋಗ್ರಾಂ ಮಾತ್ರ. ಗಂಡು ಮೀನುಗಳ ಮೈಯಲ್ಲಿ ಮೊಟ್ಟೆಗೆ ಬೇಕಾದ ಪ್ರೋಟೀನು ತಯಾರಾಗತೊಡಗಿತು. ಅಲ್ಲಿದ್ದ ಒಂದು ಜಾತಿಯ ಸಣ್ಣ ಮೀನಿನ ಸಂತತಿ ಹೆಚ್ಚುಕಡಿಮೆ ಇಲ್ಲವೇ ಆಯಿತು. ಮನುಷ್ಯನಿಗೆ ಲೆಕ್ಕಕ್ಕೇ ಇಲ್ಲದ ಪ್ರಮಾಣ ಅದು.

ಎರಡನೆಯದು ಆ್ಯಂಟಿಬಯೋಟಿಕ್. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಔಷಧ ಕಂಪನಿಗಳ ಕೊಳಚೆ ಶುದ್ಧೀಕರಿಸುವ ಘಟಕದಿಂದ ಹೊರಬಂದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೂ ಸಿಪ್ರೊಫ್ಲಾಕ್ಸಾಸಿನ್ ಸಿಕ್ಕಿತ್ತು. 2007ರಲ್ಲಿ ಅದು ಪ್ರಕಟವಾಯಿತು. ಗಮನಿಸಿ, ನ್ಯಾನೋ ಅಲ್ಲ, ಮಿಲಿ. ಮಾತ್ರೆ ತೆಗೆದುಕೊಂಡ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಅಂಥ ನೀರಿನಲ್ಲಿ ಬದುಕುಳಿಯುವುದು ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಮಾತ್ರ. ಮಲೆನಾಡಿನ ಪರಿಸ್ಥಿತಿ ಅದಲ್ಲ. ಆದರೆ ಆಸ್ಪತ್ರೆಯ ಚರಂಡಿಯಲ್ಲಿ ಸಣ್ಣ ಮಟ್ಟದಲ್ಲಿ ನಡೆಯುವುದು ಇದೇ ಕೆಲಸ.

ಹದ್ದು-ರಣಹದ್ದುಗಳ ಕಥೆಯನ್ನು ಎಲ್ಲರೂ ಇಲ್ಲಿಗೆ ಎಳೆದು ತರುತ್ತಾರೆ. ಡೈಕ್ಲೋಫೆನಾಕ್ ರಣಹದ್ದುಗಳನ್ನು ಕೊಂದಿದ್ದು ನಿಜ, ಆದರೆ ನೀರಿನ ಮೂಲಕ ಅಲ್ಲ. ಸತ್ತ ದನದ ಮೈಯಲ್ಲಿ ಉಳಿದಿದ್ದ ಔಷಧ ತಿಂದು ಅವುಗಳ ಕಿಡ್ನಿ ಕೆಟ್ಟಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಲ್ಲಿಸಲು ಸರ್ಕಾರ ಆದೇಶ ಮಾಡಿತು.

ಯುವಿ ಬೆಳಕು ಔಷಧವನ್ನು ಹೇಗೆ ಒಡೆಯುತ್ತದೆ?

ಎರಡು ದಾರಿ ಇದೆ. ಮೊದಲನೆಯದು ನೇರ ಹೊಡೆತ. ನೀರು ಶುದ್ಧ ಮಾಡುವ ಸಾಮಾನ್ಯ ಪಾದರಸದ ಲ್ಯಾಂಪ್ 254 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಕೊಡುತ್ತದೆ. ಕಣ್ಣಿಗೆ ಕಾಣುವ ಬೆಳಕಿಗಿಂತ ಇದರ ಒಂದೊಂದು ಕಣದಲ್ಲೂ ಶಕ್ತಿ ಜಾಸ್ತಿ. ಔಷಧದ ಅಣು ಆ ಬೆಳಕನ್ನು ಹೀರಿಕೊಂಡರೆ ಅದರೊಳಗಿನ ಬಂಧ ಸಡಿಲವಾಗುತ್ತದೆ, ಕ್ಲೋರಿನ್ನೋ ಅಯೋಡಿನ್ನೋ ಕಿತ್ತು ಹೊರಗೆ ಬರುತ್ತದೆ.

ಇಲ್ಲಿ 'ಹೀರಿಕೊಂಡರೆ' ಅನ್ನುವುದೇ ದೊಡ್ಡ ಷರತ್ತು. ಬೆಳಕು ಹೀರದ ಅಣುವಿಗೆ ಲ್ಯಾಂಪ್ ಉರಿದರೂ ಒಂದೇ, ಆರಿದರೂ ಒಂದೇ. ನೋವಿನ ಔಷಧ ಕೀಟೊಪ್ರೊಫೆನ್ ಬಹಳ ಬೇಗ ಒಡೆಯುತ್ತದೆ. ಡೈಕ್ಲೋಫೆನಾಕ್ ಕೂಡ ಬೇಗ. ಸ್ಕ್ಯಾನಿಂಗ್ ಮಾಡುವಾಗ ರಕ್ತಕ್ಕೆ ಚುಚ್ಚುವ ಅಯೋಡಿನ್ ಇರುವ ದ್ರವಗಳೂ ಸೋಲುತ್ತವೆ. ಐಬುಪ್ರೊಫೆನ್ ನಿಧಾನ. ಕಾರ್ಬಮಜೆಪಿನ್, ಮೆಟ್‌ಫಾರ್ಮಿನ್ ಬರೀ ಬೆಳಕಿಗೆ ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ.

ಅದಕ್ಕೇ ಎರಡನೆಯ ದಾರಿ. ನೀರಿಗೆ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಆಮೇಲೆ ಯುವಿ ಹಾಯಿಸುತ್ತಾರೆ. ಬೆಳಕು ಬಿದ್ದಾಗ ಪೆರಾಕ್ಸೈಡ್ ಎರಡಾಗಿ ಸೀಳಿ ತೀರಾ ಚುರುಕಾದ ಅಣುಚೂರು, ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಅದರ ಆಯುಷ್ಯ ಒಂದು ಸೆಕೆಂಡಿನ ಲಕ್ಷದಲ್ಲೊಂದು ಪಾಲೂ ಇಲ್ಲ. ಆದರೆ ಬದುಕಿರುವಷ್ಟು ಹೊತ್ತು ಸಿಕ್ಕಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತದೆ. ಕಾರ್ಬಮಜೆಪಿನ್ ಸೋಲುವುದು ಇದಕ್ಕೆ.

ಹುಳುಕೂ ಅಲ್ಲೇ ಇದೆ. ರ‍್ಯಾಡಿಕಲ್‌ಗೆ ಔಷಧ ಯಾವುದು, ಕೊಳೆತ ಎಲೆಯ ರಸ ಯಾವುದು ಅನ್ನುವ ಭೇದವಿಲ್ಲ. ನೀರಿನಲ್ಲಿರುವ ಬೈಕಾರ್ಬೊನೇಟ್ ಕೂಡ ಅದನ್ನು ನುಂಗುತ್ತದೆ. ಈ ವಿಷಯದಲ್ಲಿ ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿಗಿಂತ ನಮ್ಮ ಹೊಳೆ ನೀರು ಮೇಲು. ಮಲೆನಾಡಿನದು ಮೆದು ನೀರು, ಬೈಕಾರ್ಬೊನೇಟ್ ಕಮ್ಮಿ. ಆದರೆ ಖುಷಿಪಡುವ ಮೊದಲು ಮುಂದಿನ ಪ್ರಶ್ನೆ ಓದಿ.

ಮಳೆಗಾಲದ ಕೆಂಪು ನೀರಿನಲ್ಲೂ ಯುವಿ ಕೆಲಸ ಮಾಡುತ್ತದಾ?

ಹಾಗೇ ಹಾಯಿಸಿದರೆ ಇಲ್ಲ. ನಮ್ಮ ಕಡೆ ಯುವಿ ಬಗ್ಗೆ ಮಾತಾಡುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆಯೇ ಇದು. ಬ್ರೋಷರ್‌ನಲ್ಲಿ ಮಾತ್ರ ಯಾವಾಗಲೂ ತಿಳಿನೀರೇ ಇರುತ್ತದೆ.

ಒಂದು ಸೆಂಟಿಮೀಟರ್ ದಪ್ಪದ ನೀರು ದಾಟಿದ ಮೇಲೆ ಎಷ್ಟು ಯುವಿ ಉಳಿಯುತ್ತದೆ ಅಂತ ಮೊದಲು ಅಳೆಯುತ್ತಾರೆ. ಚೆನ್ನಾಗಿ ಸೋಸಿದ ನೀರಾದರೆ ಶೇ 95 ಉಳಿಯುತ್ತದೆ. ಅಂಥ ನೀರಿನಲ್ಲಿ 10 ಸೆಂಟಿಮೀಟರ್ ದೂರಕ್ಕೂ ಶೇ 60ರಷ್ಟು ಬೆಳಕು ತಲುಪುತ್ತದೆ. ಅದೇ ಶೇ 60 ದಾಟುವ ನೀರು ತೆಗೆದುಕೊಳ್ಳಿ. 10 ಸೆಂಟಿಮೀಟರ್ ಹೋಗುವಷ್ಟರಲ್ಲಿ ಉಳಿಯುವುದು ಶೇ 0.6 ಮಾತ್ರ. ಅಂದರೆ ಲ್ಯಾಂಪಿನ ಪಕ್ಕದ ನೀರಿಗೆ ಬೆಳಕು, ಪೈಪಿನ ಅಂಚಿನ ನೀರಿಗೆ ಕತ್ತಲೆ.

ಇನ್ನು ಆಷಾಢದಲ್ಲಿ ಗಾಜನೂರು ಡ್ಯಾಮಿನ ಗೇಟು ತೆಗೆದಾಗ ಬರುವ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ಮೊದಲು ಬರೀ ಕೆಂಪು. ಒಂದು ರಾತ್ರಿ ಅಲುಗಾಡಿಸದೆ ಇಟ್ಟರೆ ತಳದಲ್ಲಿ ಬೆರಳಿಗೆ ಹತ್ತುವ ನುಣುಪು ಮಣ್ಣು ಕೂರುತ್ತದೆ. ಮೇಲಿನ ನೀರು ತಿಳಿಯಾಗಿದೆ ಅನ್ನಿಸುತ್ತದೆ. ಲೋಟದ ಹಿಂದೆ ಒಂದು ಬಿಳಿ ಹಾಳೆ ಹಿಡಿಯಿರಿ, ತೀರಾ ತೆಳು ಟೀಯ ಬಣ್ಣ ಕಾಣುತ್ತದೆ. ಅದು ಕಾಡಿನ ದರಗು ಕೊಳೆತು ಬಿಟ್ಟ ಬಣ್ಣ. ಮಣ್ಣು ಕೂತರೂ ಅದು ಕೂರುವುದಿಲ್ಲ. ಯುವಿಯನ್ನು ಹೀರುವುದರಲ್ಲಿ ಅದು ಎತ್ತಿದ ಕೈ, ರ‍್ಯಾಡಿಕಲ್ ತಿನ್ನುವುದರಲ್ಲೂ ಅಷ್ಟೇ.

ಇದರ ಜೊತೆಗೆ ಕಬ್ಬಿಣ. ಜಂಬಿಟ್ಟಿಗೆ ನೆಲದ ನೀರಿನಲ್ಲಿ ಕಬ್ಬಿಣದ ಅಂಶ ಇರುವುದು ನಮಗೆ ಹೊಸದಲ್ಲ, ಕೊಡಪಾನದ ತಳದ ಕಂದು ಕಲೆ ನೋಡಿದರೆ ಗೊತ್ತಾಗುತ್ತದೆ. ಲ್ಯಾಂಪಿನ ಸುತ್ತ ಕ್ವಾರ್ಟ್ಜ್ ಗಾಜಿನ ಕೊಳವೆ ಇರುತ್ತದೆ. ಲ್ಯಾಂಪಿನ ಬಿಸಿಗೆ ಕಬ್ಬಿಣ ಅದರ ಮೇಲೆ ಪದರ ಕಟ್ಟುತ್ತದೆ. ಲ್ಯಾಂಪ್ ಉರಿಯುತ್ತಲೇ ಇರುತ್ತದೆ, ಕರೆಂಟು ಬಿಲ್ಲೂ ಬರುತ್ತದೆ, ನೀರಿಗೆ ಬೆಳಕು ಮಾತ್ರ ತಲುಪುವುದಿಲ್ಲ.

ಹಾಗಾಗಿ ಮಲೆನಾಡಿನಲ್ಲಿ ಯುವಿ ಅಂದರೆ ಮೊದಲು ಆಲಂ ಹಾಕಿ ಮಣ್ಣು ಕೂರಿಸಬೇಕು, ಮರಳಿನಲ್ಲಿ ಸೋಸಬೇಕು, ಬಣ್ಣ ತೆಗೆಯಬೇಕು. ಯುವಿಯ ಸರದಿ ಆಮೇಲೆ.

ನಮ್ಮನೆ ಫಿಲ್ಟರಿನ ಯುವಿ ಯಾಕೆ ಸಾಲದು?

ರೋಗಾಣುವಿನ ಡಿಎನ್ಎ ಕೆಡಿಸಲು ಚದರ ಸೆಂಟಿಮೀಟರಿಗೆ ಸುಮಾರು 40 ಮಿಲಿಜೂಲ್ ಬೆಳಕು ಸಾಕು. ಔಷಧ ಒಡೆಯಲು ಕೆಲವು ನೂರರಿಂದ ಸಾವಿರದವರೆಗೂ ಬೇಕು, ಅದೂ ಪೆರಾಕ್ಸೈಡ್ ಜೊತೆಗೆ. 2008ರಲ್ಲಿ ಸ್ವಿಸ್ ಸಂಶೋಧಕರು ಈ 40 ಮಿಲಿಜೂಲ್‌ಗೆ ಏನಾಗುತ್ತದೆ ಅಂತ ಲೆಕ್ಕ ಕೊಟ್ಟರು. ಡೈಕ್ಲೋಫೆನಾಕ್ ಶೇ 27 ಒಡೆಯಿತು. ಸಲ್ಫಾ ಆ್ಯಂಟಿಬಯೋಟಿಕ್ ಸಲ್ಫಾಮೆಥಾಕ್ಸಜೋಲ್ ಶೇ 15. ಗರ್ಭನಿರೋಧಕ ಮಾತ್ರೆಯ ಹಾರ್ಮೋನು ಶೇ 0.4. ಒಡೆಯುವುದು ಕಷ್ಟವಿಲ್ಲದ ಡೈಕ್ಲೋಫೆನಾಕ್‌ನ ಕಥೆಯೇ ಹೀಗಾದರೆ ಉಳಿದವುಗಳ ಗತಿ ಊಹಿಸಿ.

ಫಿಲ್ಟರಿನ ಯುವಿ ದಂಡ ಅಂತಲ್ಲ, ಕ್ರಿಮಿ ಕೊಲ್ಲಲು ಅದು ಬೇಕು. ಔಷಧದ ಮಟ್ಟಿಗೆ ಕೆಲಸ ಮಾಡುವುದು ಅದೇ ಡಬ್ಬಿಯಲ್ಲಿರುವ ಕಾರ್ಬನ್ ಮತ್ತು ಆರ್‌ಒ. ಕಾರ್ಬನ್ ತುಂಬಾ ಔಷಧಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಾಲಕಾಲಕ್ಕೆ ಬದಲಾಯಿಸಿದರೆ. ಹಾಗಂತ ಮೆದು ನೀರಿನ ಊರಲ್ಲಿ ಬರೀ ಔಷಧದ ಭಯಕ್ಕೆ ಆರ್‌ಒ ಹಾಕಿಸಿ ಅರ್ಧಕ್ಕೂ ಜಾಸ್ತಿ ನೀರು ಚರಂಡಿಗೆ ಬಿಡುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ. ಮೇಲಿನ 70 ವರ್ಷದ ಲೆಕ್ಕ ಇನ್ನೊಮ್ಮೆ ನೋಡಿ.

ಕುದಿಸಿದರೆ ಔಷಧ ಹೋಗುತ್ತದಾ?

ಇಲ್ಲ. ಕ್ರಿಮಿ ಸಾಯುತ್ತದೆ. ಹೆಚ್ಚಿನ ಔಷಧ ಆವಿಯಾಗುವುದಿಲ್ಲ, ಆ ಬಿಸಿಗೆ ಒಡೆಯುವುದೂ ಇಲ್ಲ. ಆದರೂ ಕುದಿಸಿಯೇ ಕುಡಿಯಿರಿ.

ಬಿಸಿಲಲ್ಲೇ ಯುವಿ ಇದೆಯಲ್ಲ, ಅದರಿಂದ ಆಗುವುದಿಲ್ಲವಾ?

ಕೆಲವಕ್ಕೆ ಆಗುತ್ತದೆ. ಸ್ವಿಟ್ಜರ್‌ಲೆಂಡಿನ ಗ್ರೈಫೆನ್ಸೀ ಎಂಬ ಸರೋವರದ ನೀರಿಗೆ ಸೇರಿದ ಡೈಕ್ಲೋಫೆನಾಕ್ ಬಿಸಿಲಿಗೆ ಬೇಗ ಒಡೆಯುತ್ತದೆ ಅಂತ 1998ರಲ್ಲೇ ತೋರಿಸಿದ್ದರು. ಆದರೆ ಲ್ಯಾಂಪಿನ 254 ನ್ಯಾನೋಮೀಟರ್ ಬೆಳಕು ಬಿಸಿಲಿನಲ್ಲಿ ನೆಲಕ್ಕೆ ಬರುವುದೇ ಇಲ್ಲ, ಓಜೋನ್ ತಡೆಯುತ್ತದೆ. ಬರುವುದು 290ಕ್ಕಿಂತ ಮೇಲಿನದು. ಅದೂ ಬಿಸಿಲಿನ ಒಟ್ಟು ಶಕ್ತಿಯಲ್ಲಿ ಶೇ 4-5. ಆಗುಂಬೆ ಕಡೆಯ ಹಳ್ಳಗಳ ಮೇಲೆ ಕಾಡಿನ ಮುಚ್ಚಿಗೆ, ಅದರ ಮೇಲೆ ಜೂನ್‌ನಿಂದ ಮೋಡ. ಬಿಸಿಲನ್ನು ನಂಬಿಕೊಂಡು ಕೂರುವ ಸೀಮೆ ಅಲ್ಲ ಇದು.

ಬಿಸಿಲಿನ ಪ್ರಶ್ನೆ ಕೇಳುವವರಲ್ಲಿ ಎಂಎಸ್ಸಿ ಓದುವ ಮಕ್ಕಳೇ ಜಾಸ್ತಿ. ಅವರಿಗೆ ಬೇಕಾಗಿರುವುದು ಟೈಟಾನಿಯಂ ಡೈಆಕ್ಸೈಡ್. ಗೋಡೆಯ ಬಿಳಿ ಪೇಂಟಿನಲ್ಲಿರುವ ಅದೇ ಪುಡಿ. ಜಪಾನಿನ ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ಇದರ ಮೇಲೆ ಬೆಳಕು ಬಿಟ್ಟು ನೀರನ್ನೇ ಒಡೆದು ತೋರಿಸಿದ ಮೇಲೆ ಈ ವಿದ್ಯೆ ಬೆಳೆಯಿತು. 387 ನ್ಯಾನೋಮೀಟರಿಗಿಂತ ಚಿಕ್ಕ ಅಲೆಯ ಬೆಳಕು ಬಿದ್ದರೆ ಪುಡಿಯ ಮೈಮೇಲೇ ರ‍್ಯಾಡಿಕಲ್ ಹುಟ್ಟುತ್ತದೆ. ಪೆರಾಕ್ಸೈಡ್ ಕೊಳ್ಳುವ ಖರ್ಚಿಲ್ಲ, ಬಿಸಿಲೂ ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ತೊಂದರೆ ಏನೆಂದರೆ ಹಾಲಿನ ಹಾಗೆ ಬೆರೆತ ಆ ನುಣುಪು ಪುಡಿಯನ್ನು ಆಮೇಲೆ ನೀರಿನಿಂದ ಬೇರೆ ಮಾಡಬೇಕು. ಗಾಜಿನ ಮೇಲೆ ಅಂಟಿಸಿದರೆ ವೇಗ ಇಳಿಯುತ್ತದೆ.

ಪ್ರಾಜೆಕ್ಟ್ ಮಾಡುವವರಿಗೆ ಇನ್ನೊಂದು ಮಾತು. ಕಾಲೇಜಿನ ಟೆರೇಸಿನಲ್ಲಿ ಬೀಕರ್ ಇಟ್ಟು ಮೆಥಿಲೀನ್ ಬ್ಲೂ ಬಣ್ಣ ಹೋಗಿಸಿ, 'ಔಷಧವೂ ಹೀಗೇ ಹೋಗುತ್ತದೆ' ಅಂತ ಬರೆಯಬೇಡಿ. ಡೈಕ್ಲೋಫೆನಾಕ್ ದ್ರಾವಣ ಯುವಿ ಕೆಳಗೆ ಇಟ್ಟರೆ ಆಗುವುದು ಉಲ್ಟಾ: ನೀರಿನಂತಿದ್ದದ್ದು ಹಳದಿಗೆ ತಿರುಗುತ್ತದೆ. ಔಷಧ ಒಡೆದಿದೆ, ಚೂರುಗಳು ಬಣ್ಣ ಕೊಡುತ್ತಿವೆ. ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. ದ್ರಾವಣದ ಅಂಶಗಳನ್ನು ಬೇರೆ ಮಾಡಿ ಅಳೆಯುವ ಎಚ್‌ಪಿಎಲ್‌ಸಿ ಬೇಕು, ನದಿಯಲ್ಲಿರುವಷ್ಟು ಸಣ್ಣ ಪ್ರಮಾಣಕ್ಕಾದರೆ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು.

ಒಡೆದ ಚೂರುಗಳು ಮೂಲ ಔಷಧಕ್ಕಿಂತ ಕೆಟ್ಟದ್ದಾದರೆ?

ಒಳ್ಳೆ ಪ್ರಶ್ನೆ, ಕೆಲವೊಮ್ಮೆ ಹಾಗೂ ಆಗುತ್ತದೆ. ಸೋಪಿನಲ್ಲಿ ಬಳಸುತ್ತಿದ್ದ ಟ್ರೈಕ್ಲೋಸಾನ್ ಬಿಸಿಲಿಗೆ ಸಿಕ್ಕಾಗ ಸ್ವಲ್ಪ ಪಾಲು ಒಂದು ಬಗೆಯ ಡಯಾಕ್ಸಿನ್ (ವಿಷಕಾರಿ ರಾಸಾಯನಿಕಗಳ ಗುಂಪಿಗೆ ಸೇರಿದ್ದು) ಆಗುತ್ತದೆ. ಕಾರ್ಬಮಜೆಪಿನ್‌ನಿಂದ ಅಕ್ರಿಡಿನ್ ಬರುತ್ತದೆ, ಅದು ಜಲಚರಗಳಿಗೆ ಮೂಲ ಔಷಧಕ್ಕಿಂತ ವಿಷ.

ಪೂರ್ತಿ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಆಗುವವರೆಗೂ ಒಡೆಯಬಹುದು, ಆದರೆ ಅಷ್ಟು ಕರೆಂಟು ಯಾರು ಕೊಡುತ್ತಾರೆ? ಆದ್ದರಿಂದ ಜಾಣತನದ ದಾರಿ ಬೇರೆ. ಯುವಿ ಆದಮೇಲೆ ನೀರನ್ನು ಕಾರ್ಬನ್ ಅಥವಾ ಮರಳಿನ ಹಾಸಿನ ಮೂಲಕ ಹಾಯಿಸುತ್ತಾರೆ. ಉಳಿದ ಪೆರಾಕ್ಸೈಡೂ ಅಲ್ಲಿ ಕಳೆಯುತ್ತದೆ, ಚೂರುಗಳಲ್ಲಿ ಎಷ್ಟೋ ಅಲ್ಲಿನ ಬ್ಯಾಕ್ಟೀರಿಯಾಗೆ ಊಟವಾಗುತ್ತದೆ. 'ಶೇ 99 ಔಷಧ ನಾಶ' ಅಂತ ಯಾರಾದರೂ ಹೇಳಿದರೆ, ನಾಶವಾಗಿ ಏನಾಯಿತು ಅಂತ ಕೇಳಿ.

ಇದನ್ನು ಎಲ್ಲಾದರೂ ನಿಜವಾಗಿ ಬಳಸುತ್ತಿದ್ದಾರಾ? ಖರ್ಚೆಷ್ಟು?

ಬಳಸುತ್ತಿದ್ದಾರೆ. ನೆದರ್‌ಲೆಂಡ್ಸ್‌ನ ಆಂಡೈಕ್‌ನಲ್ಲಿ 2004ರಿಂದ ಕುಡಿಯುವ ನೀರಿಗೆ ಯುವಿ-ಪೆರಾಕ್ಸೈಡ್ ಬಳಕೆ ಶುರುವಾಯಿತು. ಸಾವಿರ ಲೀಟರಿಗೆ ಸುಮಾರು ಅರ್ಧ ಯೂನಿಟ್ ಕರೆಂಟು. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ 2008ರಿಂದ ಚರಂಡಿ ನೀರನ್ನು ಆರ್‌ಒ ಮಾಡಿ, ಆಮೇಲೆ ಇದೇ ವಿಧಾನದಲ್ಲಿ ಹಾಯಿಸಿ ಅಂತರ್ಜಲಕ್ಕೆ ಇಳಿಸುತ್ತಾರೆ. ಇತ್ತ ಸ್ವಿಟ್ಜರ್‌ಲೆಂಡ್ 2016ರಿಂದ ಆಯ್ದ ಎಸ್‌ಟಿಪಿಗಳಲ್ಲಿ ಇಂಥ ಅಂಶಗಳನ್ನು ಶೇ 80 ತೆಗೆಯಲೇಬೇಕು ಅಂತ ಕಾನೂನು ಮಾಡಿತು. ಅವರು ಯುವಿ ಬದಲು ಓಜೋನ್ ಮತ್ತು ಕಾರ್ಬನ್ ಹಿಡಿದರು. ಚರಂಡಿ ನೀರಿನ ಬಣ್ಣಕ್ಕೆ ಯುವಿಗಿಂತ ಅದು ಅಗ್ಗ. ಯುರೋಪ್ ಒಕ್ಕೂಟ 2024ರಲ್ಲಿ ಇಂಥ ಶುದ್ಧೀಕರಣದ ಖರ್ಚಿನ ಕನಿಷ್ಠ ಶೇ 80ನ್ನು ಔಷಧ ಮತ್ತು ಸೌಂದರ್ಯವರ್ಧಕ ಕಂಪನಿಗಳ ಮೇಲೇ ಹಾಕುವ ನಿಯಮ ತಂದಿತು.

ಶಿವಮೊಗ್ಗದ ಮಟ್ಟಿಗೆ ನನ್ನ ಅಭಿಪ್ರಾಯ ಕೇಳಿದರೆ, ಇಡೀ ಊರಿನ ನೀರಿಗೆ ಯುವಿ ಹಾಕುವ ಮಾತು ಈಗ ಬೇಡ. ಮೊದಲು ಪ್ರತಿ ಮನೆಯ ಚರಂಡಿ ಎಸ್‌ಟಿಪಿ ತಲುಪಲಿ. ಯುವಿ ಬೇಕಿದ್ದರೆ ದೊಡ್ಡ ಆಸ್ಪತ್ರೆಗಳ ಚರಂಡಿಯ ಬಾಯಲ್ಲಿ ಹಾಕಲಿ. ಅಲ್ಲಿ ನೀರು ಕಡಿಮೆ, ಔಷಧ ಜಾಸ್ತಿ. ಕೊಡುವ ಕರೆಂಟಿಗೆ ಬೆಲೆ ಸಿಗುತ್ತದೆ. ಇಲ್ಲಿ ಬಿಟ್ಟದ್ದು ಕೂಡ್ಲಿಯಲ್ಲಿ ಭದ್ರೆಯ ಜೊತೆ ಸೇರಿ ಹೊನ್ನಾಳಿ, ಹರಿಹರದವರ ನಲ್ಲಿಗೆ ಹೋಗುತ್ತದೆ. ಮೇಲಿನ ಶೃಂಗೇರಿ, ತೀರ್ಥಹಳ್ಳಿಯದು ನಮಗೆ ಬರುವ ಹಾಗೆ.

ನಮ್ಮದು ತೋಟದ ಮನೆ, ಬಾವಿ ನೀರು. ನಮಗೂ ಇದೆಯಾ ಈ ಸಮಸ್ಯೆ?

ಶೌಚದ ಗುಂಡಿ ಬಾವಿಗಿಂತ ಮೇಲಿನ ಧರೆಯಲ್ಲಿದ್ದರೆ ಇರಬಹುದು. ಜಂಬಿಟ್ಟಿಗೆಯಲ್ಲಿ ತೂತು ಜಾಸ್ತಿ, ನೀರು ಬೇಗ ಇಳಿಯುತ್ತದೆ. ಗುಂಡಿ ಬಾವಿಯ ಕೆಳಮಗ್ಗುಲಲ್ಲಿ, ದೂರದಲ್ಲಿರಲಿ. ಯುವಿ ಖರ್ಚಿಗಿಂತ ಇದು ಲಾಭ.

ಹಳೆ ಮಾತ್ರೆಗಳನ್ನು ಏನು ಮಾಡೋದು?

ಕಮೋಡಿಗೆ, ಹೊಳೆಗೆ, ತೋಟದ ಕಪ್ಪಿಗೆ (ಬಸಿಗಾಲುವೆಗೆ) ಹಾಕಬೇಡಿ. ಮನೆಯ ಕಸದ ನಿಯಮಗಳಲ್ಲಿ, 2016ರಿಂದಲೇ, ಅವಧಿ ಮುಗಿದ ಔಷಧ ಅಪಾಯಕಾರಿ ಕಸದ ಲೆಕ್ಕಕ್ಕೆ ಬರುತ್ತದೆ. ಬೇರೆ ಕವರಿನಲ್ಲಿ ಕಟ್ಟಿ ಕಸದ ಗಾಡಿಯವರಿಗೆ ಹೇಳಿ ಕೊಡಿ. ಮಾರ್ಫಿನ್, ಫೆಂಟನಿಲ್ ಥರದ ಕೆಲವೇ ಕೆಲವು ಔಷಧಗಳನ್ನು ಮಾತ್ರ ಬೇರೆಯವರ ಕೈಗೆ ಸಿಗದಿರಲಿ ಅಂತ ಫ್ಲಶ್ ಮಾಡಲು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಹೇಳಿದೆ. ಪಕ್ಕದ ಕೇರಳದಲ್ಲಿ ಹಳೆ ಔಷಧ ವಾಪಸ್ ಪಡೆಯುವ ಸರ್ಕಾರಿ ಯೋಜನೆ ಶುರುವಾಗಿದೆ, ನಮ್ಮಲ್ಲೂ ಕೇಳಬೇಕಾದ್ದೇ.

ಜೆಲ್ ಹಚ್ಚುವವರಿಗೆ ಒಂದು ಸುಲಭ ಉಪಾಯ: ಕೈ ತೊಳೆಯುವ ಮೊದಲು ಹಳೆ ಪೇಪರಿನಿಂದ ಒರೆಸಿ, ಆ ಪೇಪರನ್ನು ಕಸಕ್ಕೆ ಹಾಕಿ. ರಾತ್ರಿ ಹಚ್ಚಿ ಆಮೇಲೆ ಮಲಗಿ, ಹಚ್ಚಿದ ತಕ್ಷಣ ಸ್ನಾನಕ್ಕೆ ಹೋಗಬೇಡಿ. ನೋವಿಗೂ ಅದೇ ಒಳ್ಳೆಯದು.

ಯುವಿ ಲ್ಯಾಂಪ್ ಹಾಳಾದರೆ?

ಸುಮಾರು 9,000 ಗಂಟೆ ಆದಮೇಲೆ ನೀಲಿ ಬೆಳಕು ಕಂಡರೂ ಯುವಿ ಕಮ್ಮಿಯಾಗಿರುತ್ತದೆ, ಬದಲಾಯಿಸಿ. ಉರಿಯುವಾಗ ಬರಿಗಣ್ಣಲ್ಲಿ ನೋಡಬೇಡಿ, ಕಣ್ಣು ಉರಿ ಬರುತ್ತದೆ. ಒಳಗೆ ಪಾದರಸ ಇರುವುದರಿಂದ ಒಡೆಯದೆ, ಟ್ಯೂಬ್‌ಲೈಟ್ ಕೊಡುವ ಜಾಗಕ್ಕೇ ಕೊಡಿ.